ವಿಮುಕ್ತ ದೇವದಾಸಿಯರು ಮತ್ತು ಎಲ್ಲಮ್ಮನ ಗುಡ್ಡ

ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ, ದೇವಿಗೆ ಸಮರ್ಪಿತರಾದ ಗುರುತಾಗಿ ಕುತ್ತಿಗೆಗೆ ಮುತ್ತು ಕಟ್ಟಿಸಿಕೊಂಡು, ಮುಂದೆ ಆ ಪದ್ಧತಿಯನ್ನು ತೊರೆದ ಮಹಿಳೆಯರು ವಿಮುಕ್ತ ದೇವದಾಸಿಯರು. ಸರಕಾರಿ ಕಡತಗಳಲ್ಲಿ ಇವರು ‘ಮಾಜಿ ದೇವದಾಸಿ’ಯರು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕೊಪ್ಪಳ, ರಾಯಚೂರು, ಬಳ್ಳಾರಿ ಮೊದಲಾದ ಜಿಲ್ಲೆಗಳಲ್ಲಿ ಇವರ ಸಂಖ್ಯೆ ಹೆಚ್ಚು. ಕುತ್ತಿಗೆಯ ಮುತ್ತು ತೆಗೆದವರು, ಜಡೆಗಟ್ಟಿದ ಕೂದಲು ಕತ್ತರಿಸಿಕೊಂಡವರು, ಹೊಲಿಗೆ ಯಂತ್ರವನ್ನೋ ಎಮ್ಮೆಯನ್ನೋ ನೆಚ್ಚಿ ಬದುಕು ಕಟ್ಟಿಕೊಂಡವರು ಇವರಲ್ಲಿದ್ದಾರೆ. ಆದರೂ ಹುಣ್ಣಿಮೆ ಬಂತೆಂದರೆ ಇವರಲ್ಲಿ ಹಲವರು ಗುಡ್ಡ ಹತ್ತುತ್ತಾರೆ. ತಮ್ಮ ಬಾಲ್ಯ ಕಸಿದ ಹರಕೆ ಯಾವ ದೇವಿಯ ಹೆಸರಿನಲ್ಲಿ ನಡೆದಿತ್ತೋ ಆಕೆಗೇ ಭಂಡಾರ ಎರಚಿ ‘ಉಧೋ ಉಧೋ’ ಎನ್ನುತ್ತಾರೆ. ಈ ನಂಟು ಸುಧಾರಕರಿಗೂ ಸಮಾಜಶಾಸ್ತ್ರಜ್ಞರಿಗೂ ಅರ್ಧ ಶತಮಾನದಿಂದ ಒಗಟಾಗಿದೆ.

ಕ್ಷೇತ್ರ

ಸವದತ್ತಿ ಪಟ್ಟಣದ ಸಮೀಪದ ಗುಡ್ಡದ ಮೇಲೆ ರೇಣುಕಾ ಎಲ್ಲಮ್ಮನ ದೇವಸ್ಥಾನವಿದೆ. ಈಗಿನ ಗುಡಿಯನ್ನು ರಾಯಬಾಗದ ಬೊಮ್ಮಪ್ಪ ನಾಯಕ 1514ರಲ್ಲಿ ಕಟ್ಟಿಸಿದನೆಂದು ಹೇಳಲಾಗುತ್ತದೆ. ಪುರಾಣದಲ್ಲಿ ರೇಣುಕೆ ಜಮದಗ್ನಿಯ ಹೆಂಡತಿ, ಪರಶುರಾಮನ ತಾಯಿ. ಗಂಡನ ಸಿಟ್ಟಿಗೆ ಗುರಿಯಾಗಿ ಮಗನ ಕೊಡಲಿಗೆ ತಲೆಯೊಡ್ಡಿ ಮತ್ತೆ ಬದುಕಿದವಳು. ಜನರ ಬಾಯಲ್ಲಿ ಅವಳು ಏಳುಕೊಳ್ಳದ ಎಲ್ಲವ್ವ. ಅವಳ ಕಥೆಯಲ್ಲಿ ದಲಿತ ಹೆಣ್ಣು ಮಾತಂಗಿಯೂ ಬರುತ್ತಾಳೆ. ಆ ಮೂಲಕ ದಲಿತ ಕೇರಿಗಳಿಗೂ ದೇವಿಗೂ ರಕ್ತಸಂಬಂಧದಂಥ ನಂಟು ಬೆಳೆದಿದೆ.

ಜಾತ್ರೆಯ ಕಾಲ ಹೊಸ್ತಿಲ ಹುಣ್ಣಿಮೆಯಿಂದ ಭಾರತ ಹುಣ್ಣಿಮೆಯವರೆಗೆ. ಹೊಸ್ತಿಲ ಹುಣ್ಣಿಮೆಗೆ ಜಮದಗ್ನಿ ಸತ್ತು ದೇವಿ ವಿಧವೆಯಾಗುತ್ತಾಳೆಂದು ಜೋಗತಿಯರು, ಅಂದರೆ ದೇವಿಗೆ ಮುತ್ತು ಕಟ್ಟಿಸಿಕೊಂಡವರು, ಬಳೆ ಒಡೆದುಕೊಳ್ಳುತ್ತಾರೆ. ಅದು ರಂಡಿ ಹುಣ್ಣಿಮೆ. ಭಾರತ ಹುಣ್ಣಿಮೆಗೆ ಗಂಡ ಎದ್ದು ಬರುತ್ತಾನೆ, ಬಳೆಗಳೂ ಕೈಗೆ ಮರಳುತ್ತವೆ. ಅದು ಮುತ್ತೈದಿ ಹುಣ್ಣಿಮೆ. ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಹಳ್ಳಿಗಳಿಂದಲ್ಲದೆ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ ಕಡೆಯಿಂದಲೂ ಚಕ್ಕಡಿ, ಟ್ರ್ಯಾಕ್ಟರ್, ಬಸ್ಸುಗಳು ಗುಡ್ಡದ ದಾರಿ ಹಿಡಿಯುತ್ತವೆ. ಮಂದಿ ಜೋಗುಳಬಾವಿಯಲ್ಲಿ ಮೈ ತೊಳೆದು, ಗುಡ್ಡದಲ್ಲೇ ಒಲೆ ಹೂಡಿ, ಹೋಳಿಗೆ ಕಡಬು ಮಾಡಿ ಪಡ್ಲಗಿ, ಅಂದರೆ ದೇವಿಯ ಬುಟ್ಟಿ, ತುಂಬಿಸುತ್ತಾರೆ. ಲಿಂಗಾಯತರು, ಕುರುಬರು, ಮರಾಠರು, ದಲಿತರು ಎಲ್ಲರಿಗೂ ಈಕೆ ಮನೆದೇವರಾಗಿರುವುದು ಮುಂದಿನ ಕಥೆಗೆ ಮುಖ್ಯ.

ಎರಡು ಬಗೆಯ ಗುಡಿಗಳು

ದೇವದಾಸಿ ಎಂದೊಡನೆ ಅರಸರ ಕಾಲದ ನರ್ತಕಿಯರನ್ನು ನೆನೆಯುವ ರೂಢಿಯಿದೆ. ಕಿತ್ತೂರಿನ ಹತ್ತಿರದ ದೇಗಾಂವದಲ್ಲಿ ಗೋವೆಯ ಕದಂಬ ದೊರೆ ಪೆರ್ಮಾಡಿ ಶಿವಚಿತ್ತನ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ದೇವಾಲಯವಿದೆ. ರಾಜಮನೆತನ ಕಟ್ಟಿಸಿ, ದತ್ತಿ ಬಿಟ್ಟು, ಶಾಸನ ಬರೆಸಿದ ಗುಡಿಗಳ ಸಾಲಿಗೆ ಸೇರಿದ್ದು ಅದು. ಅಂಥ ದೊಡ್ಡ ದೇವಾಲಯಗಳಲ್ಲಿ ಕುಣಿಯುವ ಪಾತ್ರದವರಿಗೂ ಗುಡಿಸೇವೆಯ ಸೂಳೆಯರಿಗೂ ಭೂಮಿ, ಮನೆ, ಪಾಳಿಯ ಕೆಲಸ ಗೊತ್ತಾಗಿದ್ದುದನ್ನು ಕರ್ನಾಟಕದ ಶಾಸನಗಳು ಹೇಳುತ್ತವೆ.

ಎಲ್ಲಮ್ಮನ ಜೋಗತಿಯ ಬದುಕು ಬೇರೆ. ಅವಳಿಗೆ ದತ್ತಿಯೂ ಇಲ್ಲ, ಗುಡಿಯಲ್ಲಿ ಗೊತ್ತಾದ ಪಾಳಿಯೂ ಇಲ್ಲ. ಮನೆಯಲ್ಲಿ ಗಂಡುಮಗನಿಲ್ಲವೆಂದೋ, ಮಗುವಿಗೆ ಚರ್ಮರೋಗ ಬಂತೆಂದೋ, ಕೂದಲು ಜಡೆಗಟ್ಟಿತೆಂದೋ ಹರಕೆ ಹೊತ್ತು, ಮೈನೆರೆಯುವ ಮೊದಲೇ ಕೆಂಪು ಬಿಳಿ ಮಣಿಗಳ ಮುತ್ತು ಕಟ್ಟಿಬಿಡುತ್ತಿದ್ದರು. ಆಮೇಲೆ ಅವಳಿಗೆ ಮದುವೆಯಿಲ್ಲ. ಊರಿನ ಉಳ್ಳವನೊಬ್ಬ ಅವಳನ್ನು ಇಟ್ಟುಕೊಳ್ಳುತ್ತಿದ್ದ. ಕೈಬಿಟ್ಟಾಗ ಕೂಲಿಯೋ ಮುಂಬಯಿ, ಪುಣೆಯ ಓಣಿಗಳೋ ಗತಿಯಾಗುತ್ತಿದ್ದವು. ಮಂಗಳವಾರ, ಶುಕ್ರವಾರ ಐದು ಮನೆ ಜೋಗ ಬೇಡುವುದು, ದೇವಿಯ ಮೂರ್ತಿಯಿಟ್ಟ ಬುಟ್ಟಿಯಾದ ಜಗ ಹೊರುವುದು, ಚೌಡಕಿ ವಾದ್ಯ ಹಿಡಿದು ಹಾಡುವುದು ಅವಳ ಧಾರ್ಮಿಕ ಕೆಲಸ. ತವರಿನಲ್ಲೇ ಉಳಿಯುವುದರಿಂದ ಮಗನಂತೆ ಮನೆ ನಡೆಸುವ ಹೊಣೆಯೂ, ಎಷ್ಟೋ ಕಡೆ ಆಸ್ತಿಯ ಪಾಲೂ ಅವಳಿಗೆ ಬರುತ್ತಿತ್ತು. ದೇವಿಗೆ ಕೊಟ್ಟವಳಾದ್ದರಿಂದ ಅವಳು ನಿತ್ಯ ಮುತ್ತೈದೆ. ಊರ ಶುಭಕಾರ್ಯಕ್ಕೆ ಅವಳು ಬೇಕು, ಊರ ಮರ್ಯಾದೆಯಲ್ಲಿ ಅವಳಿಗೆ ಜಾಗವಿಲ್ಲ.

ಕಾನೂನು ಮತ್ತು ಚಳವಳಿ

ಮೈಸೂರು ಸಂಸ್ಥಾನ 20ನೇ ಶತಮಾನದ ಮೊದಲ ದಶಕದ ಕೊನೆಗೇ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಬೆಳಗಾವಿ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಇಲ್ಲಿಗೆ ಅನ್ವಯಿಸಿದ್ದು 1934ರ ಮುಂಬಯಿ ದೇವದಾಸಿ ಸಂರಕ್ಷಣಾ ಕಾಯ್ದೆ. ಸಮರ್ಪಣೆ ಅಪರಾಧವೆಂದೂ, ದೇವದಾಸಿಯ ಮದುವೆ ಊರ್ಜಿತವೆಂದೂ ಅದು ಸಾರಿತು. ಎರಡು ವರ್ಷಗಳ ಬಳಿಕ, 1936ರಲ್ಲಿ, ಡಾ. ಬಿ.ಆರ್. ಅಂಬೇಡ್ಕರ್ ಮುಂಬಯಿಯಲ್ಲಿ ದೇವದಾಸಿಯರು, ಜೋಗತಿಯರು, ಖಂಡೋಬ ದೇವರಿಗೆ ಬಿಟ್ಟ ಮುರಳಿಯರ ಸಭೆಯಲ್ಲಿ ಮಾತನಾಡಿ, ಬಡತನವಾದರೂ ಸರಿ ಈ ಬದುಕನ್ನು ಬಿಡಿ ಎಂದು ಕರೆಕೊಟ್ಟರು.

ಕರ್ನಾಟಕದ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ 1982ರದು, ಜಾರಿಗೆ ಬಂದದ್ದು 1984ರಲ್ಲಿ. ಅದರಂತೆ ಸಮರ್ಪಣೆ ಮಾಡಿಸಿದವರಿಗೆ 3 ವರ್ಷದವರೆಗೆ ಸೆರೆಯಿತ್ತು. ಮಾಡಿಸಿದವರು ತಂದೆತಾಯಿ ಅಥವಾ ಬಂಧುಗಳಾದರೆ 5 ವರ್ಷದವರೆಗೆ. ಗುಡ್ಡದಲ್ಲಿ ಪೊಲೀಸರ ಕಾವಲು ಬಿಗಿಯಾದಂತೆ ಮುತ್ತು ಕಟ್ಟುವ ಕೆಲಸ ಮನೆಗಳ ಒಳಗೆ, ಚಿಕ್ಕ ಗುಡಿಗಳ ಮರೆಗೆ ಸರಿಯಿತು. 1993–94ರ ಸಮೀಕ್ಷೆ ರಾಜ್ಯದಲ್ಲಿ 22,873 ದೇವದಾಸಿಯರನ್ನು ಗುರುತಿಸಿತು. 2007–08ರ ಮರುಸಮೀಕ್ಷೆಯ ಬಳಿಕ ಒಟ್ಟು ಸಂಖ್ಯೆ 46,660ಕ್ಕೆ ಏರಿತು.

ಚಳವಳಿಯ ಮೊದಲ ಬಿಸಿ ನಿಪ್ಪಾಣಿ, ಗಡಹಿಂಗ್ಲಜ ಕಡೆಯ ಗಡಿನಾಡಿನಲ್ಲಿ ಕಾಣಿಸಿತು. ಅಥಣಿಯಲ್ಲಿ ವಕೀಲ ಬಿ.ಎಲ್. ಪಾಟೀಲರ ವಿಮೋಚನಾ ಸಂಸ್ಥೆ ದೇವದಾಸಿಯರ ಮಕ್ಕಳಿಗಾಗಿ ವಸತಿ ಶಾಲೆ ನಡೆಸಿತು. ಮೈರಾಡ ಸ್ವಯಂಸೇವಾ ಸಂಸ್ಥೆ ಮತ್ತು ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಕೆಲಸದ ಮುಂದುವರಿಕೆಯಾಗಿ 1997ರಲ್ಲಿ ಘಟಪ್ರಭೆಯಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ (ಮಾಸ್) ಹುಟ್ಟಿತು. ಅದರ ಆಡಳಿತ ವಿಮುಕ್ತ ದೇವದಾಸಿಯರ ಕೈಯಲ್ಲೇ ಇದ್ದುದು ವಿಶೇಷ. ಏಳನೆಯ ವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡಿದ್ದ ಸಿತವ್ವ ಜೋಡಟ್ಟಿ ಅದರ ಮುಂದಾಳಾಗಿ ಬೆಳೆದು 2018ರಲ್ಲಿ ಪದ್ಮಶ್ರೀ ಪಡೆದರು.

ಪದ್ಧತಿ ಬಿಟ್ಟ ಮೇಲೆ ದೇವಿ

ಸುಧಾರಕರು ಕೇಳಿದ್ದು ಮುತ್ತು ಬಿಡಿ ಎಂದಷ್ಟೇ ಅಲ್ಲ. ಜಡೆ ದೇವಿಯ ಗುರುತಲ್ಲ, ತೊಳೆಯದ ಕೂದಲು ಎಂದು ತಿಳಿಹೇಳಿ ಊರೂರಲ್ಲಿ ಜಡೆ ಕತ್ತರಿಸಿದರು. ಜೋಗ ಬೇಡಬೇಡಿ, ಜಗ ಹೊರಬೇಡಿ, ಗುಡ್ಡಕ್ಕೆ ಹೋಗಬೇಡಿ ಎಂದರು. ಮೊದಲನೆಯದನ್ನು ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿ ಒಪ್ಪಿದರು. ತಮ್ಮ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸುವುದಿಲ್ಲವೆಂಬ ಹಟವನ್ನೂ ಹಿಡಿದರು. ಗುಡ್ಡಕ್ಕೆ ಹೋಗಬೇಡಿ ಎಂಬ ಕೊನೆಯ ಮಾತು ಮಾತ್ರ ಹಲವರಿಗೆ ಒಗ್ಗಲಿಲ್ಲ. ಅದಕ್ಕೆ ಕಾರಣಗಳು ಹಲವು.

ಮೊದಲ ಕಾರಣ ಮನೆತನದ್ದು. ಎಲ್ಲಮ್ಮ ಇಡೀ ವಂಶದ ದೇವರು. ಅಣ್ಣತಮ್ಮಂದಿರ ಮದುವೆಗೆ, ಮೊಮ್ಮಕ್ಕಳ ಜವಳಕ್ಕೆ ಗುಡ್ಡಕ್ಕೆ ಹೋಗಲೇಬೇಕು. ಮುತ್ತು ಕಟ್ಟಿಸಿಕೊಳ್ಳದ ಅಕ್ಕಪಕ್ಕದ ಮನೆಯವರೆಲ್ಲ ಬಂಡಿ ಏರುವಾಗ, ಪದ್ಧತಿಯಿಂದ ನೊಂದವಳೊಬ್ಬಳೇ ಹಿಂದುಳಿದರೆ ಶಿಕ್ಷೆ ಮತ್ತೆ ಅವಳಿಗೇ ಆಗುತ್ತದೆ.

ಎರಡನೆಯದು ಅಂಜಿಕೆ. ಹರಕೆ ಮುರಿದರೆ ದೇವಿ ಕಾಡುತ್ತಾಳೆ ಎಂಬ ಮಾತನ್ನು ಎಳವೆಯಿಂದ ಕೇಳಿ ಬೆಳೆದವರಿಗೆ ಸಭೆಯ ಭಾಷಣವೊಂದರಿಂದ ಅದು ಹೋಗುವುದಿಲ್ಲ. ಮಗುವಿಗೆ ಜ್ವರ ಬಂದಾಗ, ಎಮ್ಮೆ ಸತ್ತಾಗ ಹಳೆಯ ಸಂಶಯ ತಲೆಯೆತ್ತುತ್ತದೆ. ವರ್ಷಕ್ಕೊಮ್ಮೆ ಪಡ್ಲಗಿ ತುಂಬಿಸಿ ಬಂದರೆ ಮನಸ್ಸು ನಿರಾಳ.

ಮೂರನೆಯದು ಕೆಲಸ ಮತ್ತು ಗೌರವ. ಪಡ್ಲಗಿ ತುಂಬಿಸುವ ಮನೆಗಳಿಗೆ ಜೋಗತಿ ಬೇಕೇ ಬೇಕು. ಅಲ್ಲಿ ಅವಳಿಗೆ ಉಡಿ ತುಂಬುತ್ತಾರೆ, ಕಾಳು, ರೊಟ್ಟಿ, ಸೀರೆ ಕೊಡುತ್ತಾರೆ, ಕಾಲಿಗೆ ಬೀಳುತ್ತಾರೆ. ಬೆಳಗಾವಿ ಭಾಗದ ಜೋಗತಿಯರ ನಡುವೆ ಕ್ಷೇತ್ರಕಾರ್ಯ ಮಾಡಿದ ಅಮೆರಿಕದ ಮಾನವಶಾಸ್ತ್ರಜ್ಞೆ ಲೂಸಿಂಡಾ ರ‍್ಯಾಂಬರ್ಗ್ 2014ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಎತ್ತಿದ ಮುಖ್ಯ ಪ್ರಶ್ನೆ ಇದೇ. ಸುಧಾರಣೆ ಈ ಮಹಿಳೆಯರನ್ನು ಕೇವಲ ಬಲಿಪಶುಗಳೆಂದು ನೋಡಿದಾಗ ಅವರ ಪೂಜಾರಿಕೆ ಕಣ್ಣಿಗೆ ಬೀಳಲೇ ಇಲ್ಲ ಎಂಬುದು ಅವರ ತಕರಾರು. ವಿಮೋಚನಾ ಸಂಘಟನೆಗಳಿಗೆ ಈ ವಾದ ಸುಲಭವಾಗಿ ಒಪ್ಪಿಗೆಯಾಗುವಂಥದ್ದಲ್ಲ. ಪೂಜಾರಿಕೆಯ ಗೌರವವನ್ನು ಎತ್ತಿಹಿಡಿದರೆ ಹೊಸ ಹುಡುಗಿಯರನ್ನು ಎಳೆಯಲು ಅದೇ ನೆಪವಾದೀತೆಂಬ ಭಯ ಅವರದು. ಎರಡೂ ಮಾತಿಗೆ ಹುರುಳಿದೆ.

ನಾಲ್ಕನೆಯದು ಹಾಡು. ಚೌಡಕಿ ಪದಗಳಲ್ಲಿ ರೇಣುಕೆ ಗಂಡನಿಂದ ಅನುಮಾನಕ್ಕೊಳಗಾದವಳು, ಕಾಡಿಗೆ ತಳ್ಳಿಸಿಕೊಂಡವಳು, ಮೈಯೆಲ್ಲ ಹುಣ್ಣಾಗಿ ಅಲೆದವಳು. ಹಾಡುವವಳಿಗೂ ಕೇಳುವವಳಿಗೂ ಅದು ದೂರದ ಪುರಾಣವಲ್ಲ. ಈಚೆಗೆ ಹಾಡು ಕ್ಯಾಸೆಟ್ಟಿನಿಂದ ಮೊಬೈಲಿಗೆ ಇಳಿದಿದೆ, ಕಥೆ ಕಿರುತೆರೆಗೆ ಏರಿದೆ. ಸ್ಟಾರ್ ಸುವರ್ಣ ವಾಹಿನಿ ‘ಉಧೋ ಉಧೋ ಶ್ರೀ ರೇಣುಕಾ ಎಲ್ಲಮ್ಮ’ ಧಾರಾವಾಹಿ ಆರಂಭಿಸಿದಾಗ ಗುಡ್ಡಕ್ಕೆ ಹೋಗಲಾಗದವರ ಮನೆಗೂ ದೇವಿ ಬಂದಳು.

ಐದನೆಯ ಕಾರಣ ಮೊದಲಿನ ನಾಲ್ಕಕ್ಕೂ ಎದುರಾದದ್ದು. ಕೆಲವರು ಗುಡ್ಡ ಹತ್ತುವುದು ಕಾಯಲಿಕ್ಕೆ. ಜಾತ್ರೆಯ ಜನಜಂಗುಳಿಯಲ್ಲಿ ಹಸಿರು ಸೀರೆ ಉಡಿಸಿ, ಬೇವಿನುಡುಗೆ ತೊಡಿಸಿ ಯಾವ ಹುಡುಗಿಯನ್ನು ಎಲ್ಲಿಗೆ ಕರೆದೊಯ್ಯುತ್ತಿದ್ದಾರೆ ಎಂಬುದು ಆ ದಾರಿಯಲ್ಲಿ ನಡೆದುಬಂದವಳಿಗೆ ಗೊತ್ತಾಗುವಷ್ಟು ಪೊಲೀಸನಿಗೆ ಗೊತ್ತಾಗದು. ವಿಮುಕ್ತ ಮಹಿಳೆಯರ ಸಂಘಟನೆಗಳು ಜಾತ್ರೆಯಲ್ಲೇ ಬೀದಿನಾಟಕ ಆಡಿ, ಹಾಡು ಕಟ್ಟಿ, ತಂದೆತಾಯಿಯರನ್ನು ತಡೆದು ಮಾತಾಡಿಸುವ ಕೆಲಸ ಹಚ್ಚಿಕೊಂಡವು. ಹಳೆಯ ಚೌಡಕಿಯ ಧಾಟಿಗೇ ಹೊಸ ಮಾತು ಸೇರಿತು.

ಪೂರ್ತಿ ಬಿಟ್ಟವರು

ಎಲ್ಲರೂ ಹೀಗಿಲ್ಲ. ಅಂಬೇಡ್ಕರರ ವಿಚಾರಕ್ಕೆ ಒಲಿದ ಕುಟುಂಬಗಳಲ್ಲಿ ಜಗ, ಚೌಡಕಿಗಳನ್ನು ಹೊಳೆಗೆ ಬಿಟ್ಟು ಬುದ್ಧನ ಪಟ ತಂದವರಿದ್ದಾರೆ. ಅವರ ಪಾಲಿಗೆ ಎಲ್ಲಮ್ಮನನ್ನು ಉಳಿಸಿಕೊಂಡು ಪದ್ಧತಿಯನ್ನು ಬಿಡುವುದು ಅರ್ಧ ಬಿಡುಗಡೆ. ಆದರೆ ನಂಬಿಕೆಯನ್ನು ಬಲವಂತವಾಗಿ ಕೀಳಹೋದರೆ ಏನಾಗುತ್ತದೆ ಎಂಬುದಕ್ಕೆ ಸೊರಬ ತಾಲೂಕಿನ ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆ ಸಾಕ್ಷಿಯಾಯಿತು. 1986ರಲ್ಲಿ, ಭಕ್ತರು ಹರಕೆಗಾಗಿ ಬೆತ್ತಲೆಯಾಗಿ ಗುಡಿಗೆ ಹೋಗುವ ಬೆತ್ತಲೆ ಸೇವೆಯನ್ನು ತಡೆಯಲು ಹೋದ ಕಾರ್ಯಕರ್ತರನ್ನೂ ಪೊಲೀಸರನ್ನೂ ಗುಂಪು ಥಳಿಸಿ ಬೆತ್ತಲೆ ಮಾಡಿತು. ಸರಕಾರ ಆ ಸೇವೆಯನ್ನು ನಿಷೇಧಿಸಿತು. ಯು.ಆರ್. ಅನಂತಮೂರ್ತಿ ‘ಬೆತ್ತಲೆ ಪೂಜೆ ಯಾಕೆ ಕೂಡದು?’ ಎಂದು ಬರೆದು ವಾದವನ್ನು ಹೊರಳಿಸಿದರು. ಸುಧಾರಣೆ ಎಲ್ಲಿ ನಿಲ್ಲಬೇಕು ಎಂಬ ಜಗಳ ಅಂದಿನಿಂದ ಕನ್ನಡದಲ್ಲಿ ಮುಗಿದಿಲ್ಲ.

ಬೇರೆಡೆಯ ಉದಾಹರಣೆ

ಬಿಟ್ಟುಬಂದ ಧರ್ಮದತ್ತ ಕಣ್ಣಿಟ್ಟಿರುವುದು ಸವದತ್ತಿಗಷ್ಟೇ ಸೀಮಿತವಲ್ಲ. ಅಮೆರಿಕದ ಯೂಟಾದಲ್ಲಿ ನೆಲೆಸಿದ ಮಾರ್ಮನ್ ಚರ್ಚು ಪ್ರತಿವರ್ಷ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಮಹಾಸಭೆ ನಡೆಸುತ್ತದೆ. ಅದು 1924ರಿಂದ ರೇಡಿಯೊದಲ್ಲಿ, 1949ರಿಂದ ಟಿ.ವಿ.ಯಲ್ಲಿ ಬಿತ್ತರವಾಗುತ್ತಿದೆ. ಚರ್ಚು ಬಿಟ್ಟವರಲ್ಲೂ ಅನೇಕರು ಈ ಪ್ರಸಾರವನ್ನು ತಪ್ಪಿಸುವುದಿಲ್ಲ, ಏಕೆಂದರೆ ತಂದೆತಾಯಿ, ಒಡಹುಟ್ಟಿದವರು ಒಳಗೇ ಇರುತ್ತಾರೆ. ಸಲಿಂಗ ದಂಪತಿಗಳ ಮಕ್ಕಳಿಗೆ ದೀಕ್ಷಾಸ್ನಾನ ನಿರಾಕರಿಸುವ ನಿಯಮ 2015ರ ನವೆಂಬರ್‌ನಲ್ಲಿ ಬಂದು 2019ರ ಏಪ್ರಿಲ್‌ನಲ್ಲಿ ರದ್ದಾದಾಗ, ಅದರ ಬಿಸಿ ಒಳಗಿನವರಷ್ಟೇ ಹೊರಬಂದವರ ಮನೆಗಳಿಗೂ ತಟ್ಟಿತು. ಹಿಂದೆ ಸನ್ಯಾಸಿನಿಯಾಗಿದ್ದ ಸಮಾಜಶಾಸ್ತ್ರಜ್ಞೆ ಹೆಲೆನ್ ರೋಸ್ ಎಬಾ 1988ರ ತಮ್ಮ ಕೃತಿಯಲ್ಲಿ ಹೇಳಿದಂತೆ, ಒಂದು ಪಾತ್ರವನ್ನು ಬಿಟ್ಟವರು ಆ ಪಾತ್ರದ ನೆರಳನ್ನು ಹೊಸ ಬದುಕಿಗೂ ತರುತ್ತಾರೆ. ‘ಮಾಜಿ’ ಎಂಬುದೇ ಒಂದು ಗುರುತಾಗುತ್ತದೆ.

ವ್ಯತ್ಯಾಸವೂ ದೊಡ್ಡದು. ಮಾರ್ಮನ್ನರಲ್ಲಿ ಬಿಡುವವರು ಹೆಚ್ಚಾಗಿ ನಂಬಿಕೆ ಕಳೆದುಕೊಂಡು ಬಿಡುತ್ತಾರೆ, ಬಂಧುಗಳಿಗಾಗಿ ನೋಡುತ್ತಾರೆ. ಸವದತ್ತಿಯ ಮಹಿಳೆಯರಲ್ಲಿ ಬಹುಪಾಲು ಮಂದಿ ನಂಬಿಕೆ ಇಟ್ಟುಕೊಂಡೇ ಪದ್ಧತಿ ಬಿಟ್ಟರು. ಅವರ ಜಗಳ ಮುತ್ತು ಕಟ್ಟಿದವರೊಡನೆ, ಕಟ್ಟಿಸಿಕೊಂಡು ಲಾಭ ಪಡೆದವರೊಡನೆ. ದೇವಿ ಅದರಲ್ಲಿ ಪ್ರತಿವಾದಿಯಲ್ಲ.

ಈಚಿನ ಬೆಳವಣಿಗೆ

2024ರಲ್ಲಿ ರಾಜ್ಯ ಸರಕಾರ ಸವದತ್ತಿ ರೇಣುಕಾ ಎಲ್ಲಮ್ಮ ಕ್ಷೇತ್ರಕ್ಕೆ ಪ್ರವಾಸೋದ್ಯಮ ಅಭಿವೃದ್ಧಿ ಮಂಡಳಿ ರಚಿಸುವ ಕಾನೂನು ಮಾಡಿತು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ 1982ರ ಕಾಯ್ದೆಯ ಜಾಗಕ್ಕೆ ಹೊಸ ಮಸೂದೆಯನ್ನು ಒಪ್ಪಿತು. ದೇವದಾಸಿಯರ ಮಕ್ಕಳು ತಂದೆಯನ್ನು ಗುರುತಿಸುವಂತೆ ಕೇಳುವ ಹಕ್ಕು ಮತ್ತು ಪುನರ್ವಸತಿಯ ಹೊಣೆ ಅದರಲ್ಲಿ ಸೇರಿವೆ. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟು ಬೆಳೆದ ಮಕ್ಕಳಿಗೆ ಇದು ಸಣ್ಣ ಮಾತಲ್ಲ. ಸಮೀಕ್ಷೆಯ ಪಟ್ಟಿಯಲ್ಲಿರುವ ಮಾಜಿ ದೇವದಾಸಿಯರಿಗೆ ಮಾಸಾಶನ ಬರುತ್ತಿದೆ. ಪಟ್ಟಿಯಿಂದ ಹೊರಗುಳಿದವರನ್ನು ಸೇರಿಸಬೇಕೆಂಬುದು ಸಂಘಟನೆಗಳ ಹಳೆಯ ಬೇಡಿಕೆ. ದೇವದಾಸಿ ಪದ್ಧತಿ ಕುರಿತ ಕಾನೂನುಗಳು ನಿಷೇಧಿಸುವುದು ಸಮರ್ಪಣೆಯನ್ನು. ಮುತ್ತು ತೆಗೆದ ಮಹಿಳೆ ಹುಣ್ಣಿಮೆಗೆ ಗುಡ್ಡ ಹತ್ತುವುದಕ್ಕೆ ಯಾವ ಕಾಯ್ದೆಯ ಅಡ್ಡಿಯೂ ಇಲ್ಲ.