ಕಲ್ಕತ್ತೆಯ ನೆಲದಡಿಯ ರೈಲು

ಕಫ್ ಪರೇಡಿನಿಂದ ಆರೆವರೆಗಿನ ನೆಲದಡಿಯ ರೈಲುದಾರಿ 2025ರ ಅಕ್ಟೋಬರಿನಲ್ಲಿ ಪೂರ್ತಿಯಾಗುವವರೆಗೆ ಮುಂಬಯಿಯ ನಾವು ವರ್ಷಗಟ್ಟಲೆ ತಗಡಿನ ಬೇಲಿಗಳ ಪಕ್ಕದಲ್ಲೇ ಕಚೇರಿಗೆ ನಡೆದೆವು, ಗೊಣಗಿದ್ದೂ ಉಂಟು. ಕಲ್ಕತ್ತೆಯವರ ಪಾಡಿನ ಮುಂದೆ ನಮ್ಮದು ಏನೂ ಅಲ್ಲ.

ಭಾರತದ ಮೊದಲ ನೆಲದಡಿಯ ರೈಲಿಗೆ ಇಂದಿರಾ ಗಾಂಧಿಯವರು ಅಲ್ಲಿ ಶಂಕುಸ್ಥಾಪನೆ ಮಾಡಿದ್ದು 1972ರ ಡಿಸೆಂಬರ್ 29ರಂದು. ಆ ಊರಿನ ನೆಲವೋ ನದಿ ತಂದು ಹಾಕಿದ ಮೆತ್ತನೆಯ ಜೇಡಿ. ಸ್ವಲ್ಪ ಅಗೆದರೆ ನೀರು. ಆದ್ದರಿಂದ ಬಹುಪಾಲು ದಾರಿಯಲ್ಲಿ ರಸ್ತೆಯನ್ನೇ ಬಗೆದು ಸುರಂಗ ಕಟ್ಟಿ ಮತ್ತೆ ಮುಚ್ಚಿದರು. ಮೊದಲು ನೀರಿನ ಕೊಳವೆ, ಚರಂಡಿ, ಟೆಲಿಫೋನ್ ತಂತಿಗಳನ್ನು ಪಕ್ಕಕ್ಕೆ ಸರಿಸಬೇಕು. ಆಮೇಲೆ ರಸ್ತೆಯ ಎರಡೂ ಅಂಚಿನಲ್ಲಿ ಕಿರಿದಾದ ಆಳದ ಕಂದಕ ತೋಡಿ, ಅದು ಕುಸಿಯದಂತೆ ಬೆಂಟೊನೈಟ್ ಜೇಡಿಯ ಗಂಜಿ ತುಂಬುತ್ತಿದ್ದರು. ಕಲಕಿದರೆ ತೆಳು, ಬಿಟ್ಟರೆ ಗಟ್ಟಿ: ಬಿ.ಎಸ್ಸಿ.ಯಲ್ಲಿ ನಾವು ಓದಿ ಮರೆತ ಪಾಠ! ಅದರೊಳಗೆ ಕಬ್ಬಿಣದ ಪಂಜರ ಇಳಿಸಿ ತಳದಿಂದ ಕಾಂಕ್ರೀಟು ತುಂಬಿದರೆ ಗಂಜಿ ಮೇಲೆದ್ದು ಬರುತ್ತದೆ, ಗೋಡೆ ಉಳಿಯುತ್ತದೆ. ಎರಡು ಗೋಡೆಗಳ ನಡುವಿನ ಮಣ್ಣು ತೆಗೆಯುವುದು ಅನಂತರ.

ಹಣ ಮಾತ್ರ ತೊಟ್ಟಿಕ್ಕುತ್ತ ಬಂತು. ಮಂಜೂರಾತಿಯ ಕಡತಗಳ ನಡುವೆ ಬಾಳುವ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಕೋರ್ಟಿನ ತಡೆಯಾಜ್ಞೆಗಳು ಬೇರೆ. ಚೌರಂಗಿ, ಚಿತ್ತರಂಜನ್ ಅವೆನ್ಯೂಗಳಂಥ ಹೆದ್ದಾರಿಗಳೇ ಹೊಂಡವಾದವು. ಎಸ್‌ಪ್ಲನೇಡಿನಿಂದ ಭವಾನಿಪುರಕ್ಕೆ ಮೊದಲ ರೈಲು ಓಡಿದ್ದು 1984ರ ಅಕ್ಟೋಬರ್ 24ರಂದು, ಅದೂ 3.4 ಕಿಲೋಮೀಟರ್ ಮಾತ್ರ. ದಂದಂನಿಂದ ಟಾಲಿಗಂಜ್‌ವರೆಗೆ ಪೂರ್ತಿಯಾಗಲು 1995 ಬಂತು.

ಪೂರ್ವ-ಪಶ್ಚಿಮದ ಎರಡನೆಯ ಮಾರ್ಗಕ್ಕೆ ಯಂತ್ರಗಳು ಬಂದವು. ಅವು 2017ರಲ್ಲಿ ಹೂಗ್ಲಿ ನದಿಯನ್ನೇ ಅಡಿಯಿಂದ ದಾಟಿದವು. ಮೇಲಿನ ರಸ್ತೆಗೆ ಉದ್ದಕ್ಕೂ ಹೊಂಡವಿಲ್ಲ, ಊರು ನೆಮ್ಮದಿಯಾಗಿತ್ತು. ಆದರೆ 2019ರ ಆಗಸ್ಟ್ 31ರಂದು ಬೌಬಜಾರಿನ ಅಡಿಯಲ್ಲಿ ‘ಚಂಡಿ’ ಎಂಬ ಯಂತ್ರ ಅಂತರ್ಜಲದ ಪದರಕ್ಕೆ ತಾಗಿತು. ನೀರೂ ಮಣ್ಣೂ ಸುರಂಗಕ್ಕೆ ನುಗ್ಗಿ ಮೇಲಿನ ನೆಲ ಕುಸಿಯಿತು. ದುರ್ಗಾ ಪಿತುರಿ ಲೇನ್, ಸ್ಯಾಕ್ರಾಪಾಡಾ ಲೇನ್‌ಗಳಲ್ಲಿ ಹಳೆಯ ಮನೆಗಳು ಬಿರುಕುಬಿಟ್ಟವು, ಕೆಲವು ಉರುಳಿದವು. ಸ್ಯಾಕ್ರಾ ಎಂದರೆ ಬಂಗಾಳಿಯಲ್ಲಿ ಅಕ್ಕಸಾಲಿಗ. ಮನೆಯೊಂದಿಗೆ ಕಸುಬಿನ ಅಂಗಡಿಯನ್ನೂ ಬಿಟ್ಟು ಹೊರಟವರು ಅನೇಕರು. ನೂರಾರು ಜನರನ್ನು ಹೋಟೆಲುಗಳಿಗೆ ಸಾಗಿಸಿದರು. ಹಿಂದೆ ಇಡೀ ಊರು ಹಂಚಿಕೊಂಡಿದ್ದ ಕಷ್ಟ ಈ ಸಲ ಎರಡು ಮೂರು ಓಣಿಗಳ ಮೇಲೇ ಬಿತ್ತು ಎಂದು ನಮಗೆ ತೋರುತ್ತದೆ. 2022ರಲ್ಲಿ ಅಲ್ಲಿ ಮತ್ತೆ ಮನೆಗಳು ಬಿರುಕುಬಿಟ್ಟವು.

ಎಸ್‌ಪ್ಲನೇಡಿನಿಂದ ಸಿಯಾಲ್ದಾಕ್ಕೆ ಆ ಓಣಿಗಳ ಕೆಳಗೆ ಹಾಯುವ ಮಾರ್ಗ 2025ರ ಆಗಸ್ಟ್ 22ರಂದು ತೆರೆಯಿತು.