ಚಾಮರಾಜನಗರ ಸೀಮೆಯ ಶುಶ್ರೂಷಾ ಪರಂಪರೆ ಮತ್ತು ಶುಶ್ರೂಷಾ ಸಂಶೋಧನೆ: ಒಂದು ಚಾರಿತ್ರಿಕ ಅವಲೋಕನ

ಪೀಠಿಕೆ

ಕರ್ನಾಟಕದ ದಕ್ಷಿಣದ ಅಂಚಿನಲ್ಲಿ ತಮಿಳುನಾಡು ಮತ್ತು ಕೇರಳ ರಾಜ್ಯಗಳಿಗೆ ಹೊಂದಿಕೊಂಡಿರುವ ಚಾಮರಾಜನಗರ ಜಿಲ್ಲೆಯು 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಅಸ್ತಿತ್ವಕ್ಕೆ ಬಂದಿತು. ಹಿಂದೆ ಅರಿಕುಠಾರವೆಂದು ಕರೆಯಲಾಗುತ್ತಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆಯ ಹೆಸರನ್ನಿಟ್ಟುದರಿಂದ ಅದು ಚಾಮರಾಜನಗರವಾಯಿತು. ಗುಂಡ್ಲುಪೇಟೆಗೆ ವಿಜಯಪುರವೆಂಬ ಹಳೆಯ ಹೆಸರಿತ್ತು. ಈ ಸೀಮೆಯ ಶಾಸನಗಳು, ದೇವಾಲಯಗಳು, ಮಲೆ ಮಹದೇಶ್ವರ ಮತ್ತು ಮಂಟೇಸ್ವಾಮಿ ಪರಂಪರೆಗಳನ್ನು ಕುರಿತು ವಿಪುಲವಾದ ಅಧ್ಯಯನಗಳು ನಡೆದಿವೆ. ಆದರೆ ಇಲ್ಲಿಯ ರೋಗಿಗಳನ್ನೂ ಬಾಣಂತಿಯರನ್ನೂ ಯಾರು, ಹೇಗೆ ಆರೈಕೆ ಮಾಡಿದರು ಎಂಬ ಪ್ರಶ್ನೆಗೆ ಅದೇ ಪ್ರಮಾಣದ ಗಮನ ದೊರೆತಿಲ್ಲ.

ವೈದ್ಯದ ಇತಿಹಾಸ ಮತ್ತು ಶುಶ್ರೂಷೆಯ ಇತಿಹಾಸ ಇವೆರಡೂ ಒಂದೇ ಅಲ್ಲ. ಮೊದಲನೆಯದು ರೋಗ, ಔಷಧ ಹಾಗೂ ವೈದ್ಯನನ್ನು ಕುರಿತದ್ದಾದರೆ, ಎರಡನೆಯದು ಹಾಸಿಗೆಯ ಬಳಿ ಕುಳಿತವರನ್ನು ಕುರಿತದ್ದು. ಚರಕಸಂಹಿತೆಯು ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಪರಿಚಾರಕನನ್ನೂ ಒಂದಾಗಿ ಎಣಿಸಿ, ಉಪಚಾರದ ಅರಿವು, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳನ್ನು ಅವನಿಗೆ ಹೇಳಿದೆ. ‘ಶುಶ್ರೂಷೆ’ ಎಂಬ ಪದದ ಮೂಲಾರ್ಥವೇ ಕೇಳುವ ಇಚ್ಛೆ ಎಂಬುದು ಇಲ್ಲಿ ಗಮನಾರ್ಹ. ಕೇಳಿಸಿಕೊಳ್ಳುವುದರಿಂದ ಸೇವೆ ಎಂಬ ಅರ್ಥವು ಬೆಳೆದುಬಂದಿದೆ. ಈ ಸೀಮೆಯಲ್ಲಿ ಶುಶ್ರೂಷೆಯು ನಡೆದುಬಂದ ಬಗೆಯನ್ನೂ, ಶುಶ್ರೂಷಾ ವಿಷಯದ ಡಾಕ್ಟರೇಟ್ ಸಂಶೋಧನೆಯು ಆ ಪರಂಪರೆಯಿಂದ ಏನನ್ನು ಕೇಳಿಸಿಕೊಳ್ಳಬೇಕಾಗಿದೆ ಎಂಬುದನ್ನೂ ಪ್ರಸ್ತುತ ಪ್ರಬಂಧದಲ್ಲಿ ವಿವೇಚಿಸಲಾಗಿದೆ.

ಮೂರು ಆಡಳಿತಗಳು, ಚದುರಿದ ದಾಖಲೆಗಳು

ಇಂದಿನ ಜಿಲ್ಲೆಯು ಆಡಳಿತದ ದೃಷ್ಟಿಯಿಂದ ಮೂರು ಹಿನ್ನೆಲೆಗಳುಳ್ಳದ್ದು. ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳು ಮೈಸೂರು ಸಂಸ್ಥಾನದ ನೇರ ಆಡಳಿತದಲ್ಲಿದ್ದವು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಕೊಳ್ಳೇಗಾಲವು 1799ರ ನಂತರ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, 1956ರ ನವೆಂಬರ್ 1ರಂದು ಏಕೀಕರಣದೊಡನೆ ಮೈಸೂರು ರಾಜ್ಯಕ್ಕೆ ಬಂದಿತು. ಅದರ ಭಾಗವಾಗಿದ್ದ ಹನೂರು ಅನಂತರದಲ್ಲಿ ಪ್ರತ್ಯೇಕ ತಾಲ್ಲೂಕಾಯಿತು.

ಈ ಹಿನ್ನೆಲೆಯು ಶುಶ್ರೂಷೆಯ ಚರಿತ್ರೆಗೂ ಸಂಬಂಧಿಸಿದ್ದು. ಮದರಾಸು ಪ್ರಾಂತದಲ್ಲಿ ದಾದಿಯರ ಮತ್ತು ಸೂಲಗಿತ್ತಿಯರ ನೋಂದಣಿಗೆ 1926ರಲ್ಲಿ ಕಾಯಿದೆಯಾಯಿತು. ಏಕೀಕರಣದ ನಂತರ 1961ರಲ್ಲಿ ಮೈಸೂರು ರಾಜ್ಯಕ್ಕೆ ದಾದಿಯರು, ಸೂಲಗಿತ್ತಿಯರು ಹಾಗೂ ಆರೋಗ್ಯ ಸಂದರ್ಶಕಿಯರನ್ನು ಕುರಿತ ಕಾಯಿದೆ ಬಂದಿತು. ಆದ್ದರಿಂದ ಏಕೀಕರಣಪೂರ್ವದ ಕೊಳ್ಳೇಗಾಲದ ದಾಖಲೆಗಳನ್ನು ಅರಸುವವರು ಚೆನ್ನೈನ ಪತ್ರಾಗಾರದ ಕಡೆಗೂ, ಗುಂಡ್ಲುಪೇಟೆ ಮತ್ತು ಚಾಮರಾಜನಗರದ ದಾಖಲೆಗಳನ್ನು ಅರಸುವವರು ಮೈಸೂರಿನ ಕಡೆಗೂ ನೋಡಬೇಕಾಗುತ್ತದೆ. ಒಂದೇ ಜಿಲ್ಲೆಯ ಆರೈಕೆಯ ಕಥೆ ಎರಡು ರಾಜ್ಯಗಳ ಕಡತಗಳಲ್ಲಿ ಹಂಚಿಹೋಗಿದೆ.

ಸೂಲಗಿತ್ತಿಯಿಂದ ನರ್ಸಮ್ಮನವರೆಗೆ

ಆಸ್ಪತ್ರೆಗಳು ಹಳ್ಳಿಗಳಿಗೆ ಸಮೀಪವಾಗುವ ಮುನ್ನ ಹೆರಿಗೆ ಮತ್ತು ಬಾಣಂತನದ ಸಮಸ್ತ ಹೊಣೆಯೂ ಸೂಲಗಿತ್ತಿಯದಾಗಿತ್ತು. ಆಕೆಯ ವಿದ್ಯೆ ಬರೆದಿಟ್ಟದ್ದಲ್ಲ. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಕೈಯಿಂದ ಕೈಗೆ ಬಂದದ್ದು. ವಸಾಹತುಶಾಹಿ ಆಡಳಿತವು ಈ ವಿದ್ಯೆಯನ್ನು ಮುಖ್ಯವಾಗಿ ಅಜ್ಞಾನವೆಂದೇ ಕಂಡಿತು. 1885ರ ಡಫರಿನ್ ನಿಧಿ ಮತ್ತು 1903ರಲ್ಲಿ ಲೇಡಿ ಕರ್ಜನ್ ಸ್ಥಾಪಿಸಿದ ವಿಕ್ಟೋರಿಯಾ ಸ್ಮಾರಕ ನಿಧಿಗಳು ಸ್ತ್ರೀಯರ ವೈದ್ಯಸೇವೆ ಹಾಗೂ ಸೂಲಗಿತ್ತಿಯರ ತರಬೇತಿಗೆ ನೆರವಾದವು. ಇವುಗಳಿಂದ ಅನೇಕ ಜೀವಗಳು ಉಳಿದವು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಸೂಲಗಿತ್ತಿಗೆ ಕಲಿಸಬೇಕೆಂಬ ಯೋಜನೆಗಳಿದ್ದಂತೆ ಆಕೆಯಿಂದ ಕಲಿಯಬೇಕೆಂಬ ಯೋಜನೆಗಳಿರಲಿಲ್ಲ.

ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್ನಿನವರು ಸ್ತ್ರೀಯರಿಗೂ ಮಕ್ಕಳಿಗೂ 1906ರಲ್ಲಿ ಆರಂಭಿಸಿದ ಮೇರಿ ಕಾಲ್ವರ್ಟ್ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು ‘ಮಿಷನ್ ಆಸ್ಪತ್ರೆ’ ಎಂಬ ಹೆಸರಿನಿಂದ ಜನಪ್ರಿಯವಾಯಿತು. ದಾದಿಯರ ಶಿಕ್ಷಣಕ್ಕೂ ಅದು ನೆಲೆಯಾಯಿತು. ಕೊಳ್ಳೇಗಾಲದ ಕಡೆ ಕಾಮಗೆರೆಯಲ್ಲಿ ಹೋಲಿ ಕ್ರಾಸ್ ಸಂನ್ಯಾಸಿನಿಯರ ಆಸ್ಪತ್ರೆಯು ಗ್ರಾಮೀಣರ ಸೇವೆಗೆ ನಿಂತಿತು.

ಸ್ವಾತಂತ್ರ್ಯಾನಂತರ 1946ರ ಭೋರ್ ಸಮಿತಿಯ ವರದಿಯನ್ನು ಅನುಸರಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯವಸ್ಥೆ ರೂಪುಗೊಂಡಿತು. ಎ.ಎನ್.ಎಂ. ಎಂದು ಪ್ರಸಿದ್ಧವಾದ ಸಹಾಯಕ ಶುಶ್ರೂಷಕಿಯರ ವರ್ಗವು 1950ರ ದಶಕದಲ್ಲಿ ಹುಟ್ಟಿತು. ಆರಂಭದಲ್ಲಿ ಎರಡು ವರ್ಷಗಳಿದ್ದ ಆ ಶಿಕ್ಷಣವು 1977ರಲ್ಲಿ ಹದಿನೆಂಟು ತಿಂಗಳಿಗೆ ಇಳಿದು, ಮುಂದೆ ಮತ್ತೆ ಎರಡು ವರ್ಷಗಳಾಯಿತು. ಬಯಲುಸೀಮೆಯಲ್ಲಿ ಐದು ಸಾವಿರ, ಗುಡ್ಡಗಾಡಿನಲ್ಲಿ ಹಾಗೂ ಬುಡಕಟ್ಟು ಪ್ರದೇಶಗಳಲ್ಲಿ ಮೂರು ಸಾವಿರ ಜನರಿಗೆ ಒಂದು ಉಪಕೇಂದ್ರವೆಂಬ ಲೆಕ್ಕದಲ್ಲಿ ಆಕೆ ಊರೂರು ತಿರುಗಿದಳು. ಹಳ್ಳಿಗರು ಆಕೆಯನ್ನು ‘ನರ್ಸಮ್ಮ’ ಎಂದರು. ಗುಂಡ್ಲುಪೇಟೆಯವರಾದ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ಮುಂದೆ ನಿಂತು ತಂದ 1983ರ ಪಂಚಾಯತ್ ಕಾಯಿದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಕಾರ್ಯಾರಂಭ ಮಾಡಿದಾಗ, ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಅವುಗಳ ಆಡಳಿತಕ್ಕೆ ಒಳಪಟ್ಟವು. ಹಳ್ಳಿಯ ನರ್ಸಮ್ಮ ಹೀಗೆ ಚುನಾಯಿತ ಸಂಸ್ಥೆಯೊಂದಕ್ಕೆ ಉತ್ತರದಾಯಿಯಾದಳು.

ಇತಿಹಾಸಕಾರರ ದೃಷ್ಟಿಯಿಂದ ನರ್ಸಮ್ಮನ ಮಹತ್ವ ಇನ್ನೊಂದಿದೆ. ಸೂಲಗಿತ್ತಿ ಬರೆಯಲಿಲ್ಲ; ನರ್ಸಮ್ಮ ಬರೆದಳು. ಗರ್ಭಿಣಿಯರ ವಹಿ, ಹೆರಿಗೆಯ ವಹಿ, ಚುಚ್ಚುಮದ್ದಿನ ವಹಿ, ದಿನಚರಿ ಇವೆಲ್ಲವೂ ಆಕೆಯ ಕೈಬರಹದಲ್ಲಿವೆ. ಪಟೇಲ ಶಾನುಭೋಗರು ಬರೆಯುತ್ತಿದ್ದ ಜನನ ಮರಣಗಳ ಲೆಕ್ಕದ ನಂತರ ಗ್ರಾಮೀಣ ಸ್ತ್ರೀಯರ ಆರೋಗ್ಯವನ್ನು ಕುರಿತ ಇಷ್ಟು ನಿಕಟವಾದ ಆಕರ ಇನ್ನೊಂದಿಲ್ಲ.

ಬಿಳಿಗಿರಿರಂಗನ ಬೆಟ್ಟ ಮತ್ತು ಯಳಂದೂರಿನ ಪ್ರಯೋಗ

ಮಂಟೇಸ್ವಾಮಿ ಕಾವ್ಯದಲ್ಲಿ ಗುರುವು ಕುಷ್ಠರೋಗಿಯ ರೂಪದಲ್ಲಿ ಕಲ್ಯಾಣದ ಬಾಗಿಲಿಗೆ ಬರುತ್ತಾನೆ. ಆತನನ್ನು ಒಳಗೆ ಬರಮಾಡಿಕೊಳ್ಳುವವರಾರು ಎಂಬುದೇ ಅಲ್ಲಿಯ ಪರೀಕ್ಷೆ. ಈ ಕಾವ್ಯವನ್ನು ಹಾಡುವ ನೀಲಗಾರರ ನಾಡಿನಲ್ಲಿಯೇ ಕುಷ್ಠರೋಗವು ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ದೊಡ್ಡ ಸಮಸ್ಯೆಯಾಗಿತ್ತು.

ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. 1986ರಲ್ಲಿ ಆರಂಭವಾದ ಕರುಣಾ ಟ್ರಸ್ಟ್ ಯಳಂದೂರು ತಾಲ್ಲೂಕಿನ ಕುಷ್ಠರೋಗ ನಿವಾರಣೆಯನ್ನು ಕೈಗೆತ್ತಿಕೊಂಡಿತು. ಸಂಸ್ಥೆಯ ದಾಖಲೆಗಳಂತೆ ಆಗ ಸಾವಿರಕ್ಕೆ ಸುಮಾರು 21ರಷ್ಟಿದ್ದ ರೋಗಿಗಳ ಪ್ರಮಾಣವು ಎರಡು ದಶಕಗಳಲ್ಲಿ ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. ಇದಕ್ಕೆ ಬಹು ಔಷಧ ಚಿಕಿತ್ಸೆಯು ಮುಖ್ಯ ಕಾರಣ. ಆದರೆ ಸ್ಪರ್ಶಜ್ಞಾನವಿಲ್ಲದ ಪಾದವನ್ನು ದಿನವೂ ಪರೀಕ್ಷಿಸುವುದು, ಹುಣ್ಣನ್ನು ತೊಳೆದು ಕಟ್ಟುವುದು, ಮದ್ದು ನಿಲ್ಲಿಸದಂತೆ ಮನೆಬಾಗಿಲಿಗೆ ಹೋಗಿ ನೆನಪಿಸುವುದು ಇವು ಮದ್ದಿನಿಂದ ಆಗುವ ಕೆಲಸಗಳಲ್ಲ, ಶುಶ್ರೂಷೆಯ ಕೆಲಸಗಳು. 1996ರಲ್ಲಿ ಸರ್ಕಾರವು ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ಇದೇ ಟ್ರಸ್ಟಿಗೆ ವಹಿಸಿತು.

ಬೆಟ್ಟದ ಕೇಂದ್ರವು ಬುಡಕಟ್ಟಿನ ಹೆಣ್ಣುಮಕ್ಕಳಿಗೆ ಎ.ಎನ್.ಎಂ. ತರಬೇತಿಯನ್ನು ನೀಡಿದುದು ಶುಶ್ರೂಷಾ ಶಿಕ್ಷಣದ ಚರಿತ್ರೆಯಲ್ಲಿ ವಿಶೇಷವಾದ ಸಂಗತಿ. ಹೊರಗಿನಿಂದ ಬಂದ ದಾದಿಯು ಪೋಡಿನಲ್ಲಿ ನೆಲೆನಿಲ್ಲುವುದು ಕಷ್ಟ. ಪೋಡಿನಲ್ಲಿಯೇ ಹುಟ್ಟಿದವಳಿಗೆ ಅಲ್ಲಿಯ ಮಾತೂ ಗೊತ್ತು, ಮೌನವೂ ಗೊತ್ತು. ಸೋಲಿಗ ಸ್ತ್ರೀಯರಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಹೆರುವ ಪದ್ಧತಿ ರೂಢಿಯಲ್ಲಿತ್ತು. ಆಸ್ಪತ್ರೆಗಳಾದರೋ ಅಂಗಾತ ಮಲಗಿಸಿ ಹೆರಿಗೆ ಮಾಡಿಸುವುದನ್ನೇ ಕಲಿಸಿದವು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೆರಿಗೆಯ ಆರೈಕೆಯನ್ನು ಕುರಿತು ಪ್ರಕಟಿಸಿದ ಶಿಫಾರಸುಗಳಲ್ಲಿ, ನೇರವಾಗಿ ಕುಳಿತ ಅಥವಾ ನಿಂತ ಭಂಗಿಯೂ ಸೇರಿದಂತೆ ತಾಯಿ ಬಯಸಿದ ಭಂಗಿಗೆ ಪ್ರೋತ್ಸಾಹ ನೀಡಬೇಕೆಂದು ಹೇಳಿತು. ಪೋಡಿನ ಅಜ್ಜಿಯರು ಅರಿತಿದ್ದ ವಿಷಯವು ವಿಶ್ವದ ಶಿಫಾರಸಾಗಲು ಇಷ್ಟು ಕಾಲ ಹಿಡಿಯಿತು.

ಶುಶ್ರೂಷಾ ಶಿಕ್ಷಣ ಮತ್ತು ಡಾಕ್ಟರೇಟ್ ಸಂಶೋಧನೆ

ಭಾರತದಲ್ಲಿ ಶುಶ್ರೂಷೆಯ ಪದವಿ ಶಿಕ್ಷಣವು 1946ರಲ್ಲಿ ದೆಹಲಿ ಮತ್ತು ವೆಲ್ಲೂರುಗಳಲ್ಲಿ ಆರಂಭವಾಯಿತು. ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆ 1947ರದು. ಸ್ನಾತಕೋತ್ತರ ಶಿಕ್ಷಣವು 1959ರಲ್ಲಿ, ಎಂ.ಫಿಲ್. ಶಿಕ್ಷಣವು 1986ರಲ್ಲಿ ದೆಹಲಿಯಲ್ಲಿ ಮೊದಲಾದವು. ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 1996ರಲ್ಲಿ ಸ್ಥಾಪನೆಯಾಯಿತು. ಭಾರತೀಯ ಶುಶ್ರೂಷಾ ಪರಿಷತ್ತು ಈ ವಿಶ್ವವಿದ್ಯಾಲಯ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ಸಹಯೋಗದಲ್ಲಿ 2005-06ರ ಸುಮಾರಿಗೆ ಶುಶ್ರೂಷಾ ಪಿಎಚ್.ಡಿ. ಅಧ್ಯಯನಕ್ಕೆ ರಾಷ್ಟ್ರೀಯ ಒಕ್ಕೂಟವನ್ನು ರಚಿಸಿತು. 2023ರ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಕಾಯಿದೆಯು 1947ರ ಕಾಯಿದೆಗೆ ಬದಲಿಯಾಗಿ ರೂಪುಗೊಂಡಿತು. ಸೇವೆಯೆಂದಷ್ಟೇ ಕಾಣಲಾಗುತ್ತಿದ್ದ ವೃತ್ತಿಯು ಈ ಬೆಳವಣಿಗೆಗಳಿಂದ ಜ್ಞಾನಶಾಖೆಯೆಂಬ ಮನ್ನಣೆಯನ್ನು ಪಡೆಯಿತು.

ಆದರೆ ಈ ಸಂಶೋಧನೆಯ ಒಂದು ಮಾದರಿಯನ್ನು ವಿಮರ್ಶಿಸುವುದು ಅವಶ್ಯ. ನಮ್ಮ ಶುಶ್ರೂಷಾ ಕಾಲೇಜುಗಳ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಣುವ ವಿಷಯವೆಂದರೆ, ಒಂದು ರಚನಾತ್ಮಕ ಬೋಧನಾ ಕಾರ್ಯಕ್ರಮದಿಂದ ತಾಯಂದಿರ ಅಥವಾ ರೋಗಿಗಳ ತಿಳಿವಳಿಕೆ ಎಷ್ಟು ಹೆಚ್ಚಿತು ಎಂಬುದು. ಬೋಧನೆಗೆ ಮೊದಲು ಒಂದು ಪ್ರಶ್ನಾವಳಿ, ಬೋಧನೆಯ ನಂತರ ಅದೇ ಪ್ರಶ್ನಾವಳಿ. ಅಂಕಗಳ ವ್ಯತ್ಯಾಸವೇ ಫಲಿತಾಂಶ. ಸೀಮಿತ ಅವಧಿಯಲ್ಲಿ ಕ್ರಮಬದ್ಧವಾಗಿ ಮುಗಿಸಬಹುದಾದ ಈ ವಿಧಾನವು ಹೊಸ ಸಂಶೋಧಕರಿಗೆ ಅನುಕೂಲಕರವೆಂಬುದು ನಿಜ. ಆದರೆ ಅದು ತಾಯಿಗೆ ಏನು ಗೊತ್ತಿಲ್ಲ ಎಂಬುದನ್ನು ಅಳೆಯುತ್ತದೆಯೇ ಹೊರತು ಏನು ಗೊತ್ತಿದೆ ಎಂಬುದನ್ನು ಕೇಳುವುದಿಲ್ಲ. ಸೂಲಗಿತ್ತಿಯನ್ನು ಕುರಿತ ವಸಾಹತುಶಾಹಿ ನಿಲುವೇ ಇಲ್ಲಿ ಸಂಖ್ಯೆಗಳ ರೂಪದಲ್ಲಿ ಮರಳಿ ಬಂದಂತಿದೆ. ಕುಕ್ಕರುಗಾಲಿನ ಹೆರಿಗೆಯನ್ನು ಅಂತಹ ಪ್ರಶ್ನಾವಳಿಯಲ್ಲಿ ಕೇಳಿದ್ದರೆ, ಸೋಲಿಗ ತಾಯಿಯ ಉತ್ತರಕ್ಕೆ ಅಂಕ ದೊರೆಯುತ್ತಿತ್ತೇ ಎಂಬುದು ಚಿಂತನಾರ್ಹ.

ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2014ರಲ್ಲಿ ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದವು. ಅದೇ ವರ್ಷದ ಡಿಸೆಂಬರ್ 25ರಂದು ಅವರು ನಿಧನರಾದರು. ವಿಶ್ವವಿದ್ಯಾಲಯವು ಸೂಲಗಿತ್ತಿಯನ್ನು ಗೌರವಿಸಿದುದು ಸ್ತುತ್ಯ. ಆಕೆಯಂತಹವರ ವಿದ್ಯೆಯನ್ನು ಡಾಕ್ಟರೇಟ್ ಅಧ್ಯಯನದ ವಿಷಯವನ್ನಾಗಿ ಮಾಡುವುದು ಅದಕ್ಕಿಂತ ಕಠಿಣವಾದ, ಆದರೆ ಹೆಚ್ಚು ಬಾಳಿಕೆಯುಳ್ಳ ಗೌರವ.

ಜಿಲ್ಲೆಯು ಮುಂದಿಡುವ ಪ್ರಶ್ನೆಗಳು

ಚಾಮರಾಜನಗರದಲ್ಲಿ 2016ರಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಆರಂಭವಾದುದರಿಂದ ಉನ್ನತ ವೈದ್ಯ ಶಿಕ್ಷಣವು ಜಿಲ್ಲೆಯೊಳಗೇ ಬಂದಿತು. ಹೀಗಿರುವಾಗ ಇಲ್ಲಿಯ ಸಂಶೋಧನೆಯ ಪ್ರಶ್ನೆಗಳೂ ಇಲ್ಲಿಂದಲೇ ಹುಟ್ಟಬೇಕಾದುದು ಸಹಜ. ಸೋಲಿಗ, ಜೇನುಕುರುಬ ಮೊದಲಾದ ಸಮುದಾಯಗಳಲ್ಲಿ ಕಂಡುಬರುವ ಕುಡಗೋಲು ಕಣ ರಕ್ತಹೀನತೆಯು ಜೀವನಪರ್ಯಂತ ಆರೈಕೆ ಬೇಡುವ ಕಾಯಿಲೆ. ಇದರ ನಿರ್ಮೂಲನೆಗೆ 2023ರಲ್ಲಿ ರಾಷ್ಟ್ರೀಯ ಅಭಿಯಾನವೂ ಆರಂಭವಾಗಿದೆ. ಪರೀಕ್ಷೆ ಮತ್ತು ಮಾತ್ರೆಗಳ ಆಚೆಗೆ, ನೋವು ಮರುಕಳಿಸುವ ರಾತ್ರಿಗಳನ್ನು ಕಾಡಂಚಿನ ಕುಟುಂಬವೊಂದು ಹೇಗೆ ಕಳೆಯುತ್ತದೆ ಎಂಬುದು ಶುಶ್ರೂಷಾ ಸಂಶೋಧಕರೇ ಕೇಳಬೇಕಾದ ಪ್ರಶ್ನೆ.

ಇನ್ನೊಂದು ಪ್ರಶ್ನೆ ಹೆಚ್ಚು ನೋವಿನದು. 2021ರ ಮೇ 2 ಮತ್ತು 3ರ ನಡುವೆ, ಕೋವಿಡ್ ಎರಡನೆಯ ಅಲೆಯ ಸಂದರ್ಭದಲ್ಲಿ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ರೋಗಿಗಳು ಮರಣ ಹೊಂದಿದರು. ಆಮ್ಲಜನಕದ ಕೊರತೆಯನ್ನು ಕುರಿತು ಉಚ್ಚ ನ್ಯಾಯಾಲಯದ ಮುಂದೆ ವಿಚಾರಣೆ ನಡೆಯಿತು. ಹೊಣೆಗಾರಿಕೆಯ ನಿರ್ಣಯ ನ್ಯಾಯಾಂಗದ ಕಾರ್ಯ. ಆದರೆ ಅಂತಹ ರಾತ್ರಿಯಲ್ಲಿ ಹಾಸಿಗೆಯ ಬಳಿ ಇರುವವರು ಶುಶ್ರೂಷಕಿಯರು. ಅಪಾಯದ ಸೂಚನೆಯನ್ನು ಮೊದಲು ಕಾಣುವವರು ಅವರೇ. ಅವರ ಮಾತು ಮೇಲಿನವರೆಗೆ ತಲುಪುವ ದಾರಿ ಯಾವುದು, ಪಾಳಿ ಬದಲಾಗುವಾಗ ಏನನ್ನು ಬರೆದು ಒಪ್ಪಿಸಲಾಗುತ್ತದೆ, ಒಬ್ಬ ಶುಶ್ರೂಷಕಿಯ ಪಾಲಿಗೆ ಎಷ್ಟು ರೋಗಿಗಳು ಬರುತ್ತಾರೆ ಎಂಬವು ಯಾವ ಪ್ರಶ್ನಾವಳಿಗಿಂತಲೂ ಮುಖ್ಯವಾದ ಸಂಶೋಧನಾ ವಿಷಯಗಳು.

ಉಪಸಂಹಾರ

ಒಟ್ಟಾರೆ ಹೇಳುವುದಾದರೆ, ಈ ಸೀಮೆಯಲ್ಲಿ ಆರೈಕೆಯ ಅನುಭವ ಮೊದಲು ಬಂದಿತು, ತರಬೇತಿ ಅನಂತರ, ಸಂಶೋಧನೆ ಕೊನೆಗೆ. ಕೊನೆಗೆ ಬಂದುದು ಮೊದಲಿನದನ್ನು ಕಡೆಗಣಿಸಿದರೆ ಅದಕ್ಕೆ ಬೇರಿರುವುದಿಲ್ಲ. ಆಕರಗಳ ಕಾಲವೂ ಮೀರುತ್ತಿದೆ. ಹೆರಿಗೆಗಳು ಆಸ್ಪತ್ರೆಗಳಿಗೆ ಸಾಗಿರುವುದರಿಂದ ಸೂಲಗಿತ್ತಿಯರ ಪೀಳಿಗೆ ಕ್ಷೀಣಿಸಿದೆ. ಲೆಕ್ಕಗಳು ಗಣಕಯಂತ್ರಕ್ಕೆ ಸೇರಿರುವುದರಿಂದ ನರ್ಸಮ್ಮನ ಹಳೆಯ ವಹಿಗಳು ಅವಧಿ ಮುಗಿದ ಕಾಗದಗಳಾಗಿ ವಿಲೇವಾರಿಯಾಗುವ ಅಪಾಯವಿದೆ. ಜಿಲ್ಲೆಯ ಉಪಕೇಂದ್ರಗಳ ವಹಿಗಳನ್ನು ರೋಗಿಗಳ ಗುರುತಿಗೆ ಧಕ್ಕೆಯಾಗದಂತೆ ಸಂರಕ್ಷಿಸುವುದು, ಹಿರಿಯ ಸೂಲಗಿತ್ತಿಯರ ಹಾಗೂ ನಿವೃತ್ತ ಶುಶ್ರೂಷಕಿಯರ ಮೌಖಿಕ ಚರಿತ್ರೆಯನ್ನು ಸಂಗ್ರಹಿಸುವುದು, ಆ ಅಧ್ಯಯನಗಳ ಫಲವನ್ನು ಕನ್ನಡದಲ್ಲಿ ಅವರಿಗೇ ಮರಳಿಸುವುದು ತುರ್ತಾಗಿ ಆಗಬೇಕಾದ ಕಾರ್ಯಗಳು. ಇತಿಹಾಸಕಾರರು ಮತ್ತು ಶುಶ್ರೂಷಾ ಸಂಶೋಧಕರು ಇದನ್ನು ಜೊತೆಗೂಡಿ ಕೈಗೊಂಡಲ್ಲಿ, ಕೇಳುವ ಇಚ್ಛೆಯೆಂಬ ಶುಶ್ರೂಷೆಯ ಮೂಲಾರ್ಥವು ಸಂಶೋಧನೆಯಲ್ಲಿಯೂ ಸಾರ್ಥಕವಾಗುತ್ತದೆ.