ಕಂಬಾಲಪಲ್ಲಿ ನಮಗೆ ಕಲಿಸಿದ ಪಾಠ



‘ಕೋರ್ಟಿನ ಮೆಟ್ಟಿಲು ಹತ್ತಬಾರದು’ ಎಂಬ ಹಿರಿಯರ ಮಾತನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಮನೆಮನೆಗಳಲ್ಲಿ ನಾವು ಕೇಳಿದ್ದೇವೆ. ಆ ಅಂಜಿಕೆಗೆ ಕಾರಣಗಳಿವೆ. ಆದರೆ ಕೋರ್ಟಿನ ಮೆಟ್ಟಿಲನ್ನೇ ಕಾಣದ ಶಿಕ್ಷೆ ಎಷ್ಟು ಘೋರವೆಂಬುದನ್ನೂ ಈ ನೆಲ ಕಂಡಿದೆ.

ಶ್ರೀನಿವಾಸಪುರಕ್ಕೆ ತಾಗಿಕೊಂಡಿರುವ ಚಿಂತಾಮಣಿ ತಾಲ್ಲೂಕು 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇತ್ತು. ಅಲ್ಲಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಮೇಲ್ಜಾತಿಯ ಒಬ್ಬರ ಕೊಲೆಯಾಯಿತು. ಸಂಶಯ ದಲಿತರ ಮೇಲೆ ಬಿತ್ತು. ಅಂದು ರಾತ್ರಿಯೇ ಗುಂಪೊಂದು ಅವರ ಮನೆಗಳಿಗೆ ಬೆಂಕಿ ಹಚ್ಚಿತು. ಏಳು ಮಂದಿ ದಲಿತರು ಸಜೀವವಾಗಿ ದಹನವಾದರು. ಅವರ ಮೇಲೆ ಆರೋಪಪಟ್ಟಿ ಇರಲಿಲ್ಲ, ಅವರ ಪರವಾಗಿ ವಕೀಲರಿರಲಿಲ್ಲ, ಅವರ ಮಾತನ್ನು ಯಾವ ನ್ಯಾಯಾಧೀಶರೂ ಕೇಳಲಿಲ್ಲ.

ನಮ್ಮ ಸಂವಿಧಾನ ಬಯಸುವುದು ಇದಕ್ಕೆ ತೀರಾ ವಿರುದ್ಧವಾದುದನ್ನು. ಠಾಣೆಯಲ್ಲಿ ಎಫ್‌ಐಆರ್ ದಾಖಲಾದ ಮಾತ್ರಕ್ಕೆ ಯಾರೂ ಅಪರಾಧಿಯಲ್ಲ. ಬಂಧಿಸಿದವರಿಗೆ ಕಾರಣ ತಿಳಿಸಬೇಕು, ವಕೀಲರ ನೆರವು ಪಡೆಯಲು ಬಿಡಬೇಕು, ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ 22ನೇ ವಿಧಿ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಒತ್ತಾಯಿಸಬಾರದು ಎನ್ನುತ್ತದೆ 20ನೇ ವಿಧಿ. ಇದು ಅಪರಾಧಿಗೆ ತೋರುವ ದಯೆಯಲ್ಲ. ಸಂಶಯವೇ ಶಿಕ್ಷೆಯಾಗದಂತೆ ಹಾಕಿದ ಬೇಲಿ.

ಕಂಬಾಲಪಲ್ಲಿಯ ಆರೋಪಿಗಳಿಗೆ ಈ ಹಕ್ಕುಗಳೆಲ್ಲ ದೊರೆತವು; ದೊರೆಯಲೇಬೇಕಿತ್ತು. ಆದರೆ ವಿಚಾರಣೆಯಲ್ಲಿ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಎಲ್ಲ ಆರೋಪಿಗಳೂ ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಪೊಲೀಸರ ಮುಂದೆ ಕೊಟ್ಟ ಹೇಳಿಕೆಯೊಂದೇ ಆರೋಪವನ್ನು ಸಾಬೀತುಪಡಿಸದು. ನ್ಯಾಯಾಲಯದಲ್ಲಿ ಪ್ರಮಾಣಮಾಡಿ ನುಡಿದ ಮಾತು ಬೇಕು. ಆ ಮಾತು ಬರಲಿಲ್ಲ. ಹೀಗೆ ಏಳು ಸಾವುಗಳಿಗೆ ಒಬ್ಬ ಅಪರಾಧಿಯೂ ಇಲ್ಲವಾದನು.

ಸಾಕ್ಷಿಗಳನ್ನು ದೂರುವುದು ಸುಲಭ. ಆದರೆ ಬಡವರು ಸಾಕ್ಷಿ ಹೇಳಿ ಅದೇ ಊರಿನಲ್ಲಿ ಬಾಳಬೇಕು, ಅಲ್ಲಿಯೇ ಕೂಲಿಗೆ ಹೋಗಬೇಕು. ಅವರ ರಕ್ಷಣೆಗೆ ಕಾನೂನು ತಡವಾಗಿ ಎಚ್ಚೆತ್ತಿತು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯಿದೆಯಲ್ಲಿ ಸಂತ್ರಸ್ತರ ಮತ್ತು ಸಾಕ್ಷಿಗಳ ಹಕ್ಕುಗಳ ಅಧ್ಯಾಯ 2016ರಲ್ಲಿ ಜಾರಿಗೆ ಬಂತು. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿಗಳ ರಕ್ಷಣಾ ಯೋಜನೆಯನ್ನು ದೇಶಕ್ಕೆಲ್ಲ ಅನ್ವಯಿಸಿತು. ಬೆದರಿಕೆಯಿರುವ ಸಾಕ್ಷಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಕೊಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಪ್ರತಿ ರಾಜ್ಯ ಇಂಥ ಯೋಜನೆ ರೂಪಿಸಬೇಕೆಂದು ಹೇಳಿದೆ.

ನಮ್ಮ ಕುಟುಂಬಗಳು ಇನ್ನೊಂದನ್ನೂ ಅರಿತಿರಬೇಕು. ‘ತಪ್ಪು ಒಪ್ಪಿಕೊಂಡು ದಂಡ ಕಟ್ಟಿ ಬಂದುಬಿಡು’ ಎಂದು ಯುವಕರಿಗೆ ಬುದ್ಧಿ ಹೇಳುವವರಿದ್ದಾರೆ. ತಪ್ಪೊಪ್ಪಿಗೆಯನ್ನು ನ್ಯಾಯಾಲಯ ಅಂಗೀಕರಿಸಿದರೆ ಅದು ದೋಷಿಯೆಂಬ ತೀರ್ಪೇ. ದಂಡ ಅಂದಿಗೇ ಮುಗಿಯಬಹುದು. ತೀರ್ಪು ಸರ್ಕಾರಿ ನೌಕರಿಯ ಅರ್ಜಿಯವರೆಗೂ ಹಿಂಬಾಲಿಸುತ್ತದೆ. ಎರಡು ವರ್ಷ ಅಥವಾ ಹೆಚ್ಚಿನ ಸೆರೆವಾಸವಾದರೆ, ಬಿಡುಗಡೆಯಾಗಿ ಆರು ವರ್ಷಗಳವರೆಗೆ ಶಾಸನಸಭೆಗೆ, ಸಂಸತ್ತಿಗೆ ಸ್ಪರ್ಧಿಸುವಂತಿಲ್ಲ. ಆದ್ದರಿಂದ ವಕೀಲರನ್ನು ಕೇಳದೆ ಏನನ್ನೂ ಒಪ್ಪಿಕೊಳ್ಳಬಾರದು. ಹಣವಿಲ್ಲವೆಂದು ಕೈಚೆಲ್ಲಬೇಕಿಲ್ಲ: ತಾಲ್ಲೂಕು ಕಾನೂನು ಸೇವಾ ಸಮಿತಿ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟರು, ಬಂಧನದಲ್ಲಿರುವವರು ಇವರಿಗೆ ಆದಾಯದ ಮಿತಿಯೂ ಇಲ್ಲ.

ಆರೋಪಿಗೆ ಹಕ್ಕು ಬೇಕು, ಸಾಕ್ಷಿಗೆ ಧೈರ್ಯ ಬೇಕು. ಮೊದಲನೆಯದನ್ನು ಕಾನೂನು ಕೊಟ್ಟಿದೆ. ಎರಡನೆಯದನ್ನು ಕಾನೂನೊಂದೇ ಕೊಡಲಾರದು, ನೆರೆಹೊರೆಯವರೂ ಕೊಡಬೇಕು. ನಮ್ಮ ಊರಿನಲ್ಲಿ ಬಡವನೊಬ್ಬ ಸಾಕ್ಷಿ ಹೇಳಲು ಹೊರಟ ದಿನ, ಕೋರ್ಟಿನವರೆಗೆ ಅವನ ಜೊತೆ ನಡೆಯುವವರು ನಾವಾಗೋಣ.